ಕುರಿ ಬುರುಡೆ, ಅತ್ತಿ ಕಾಯಿ ಮತ್ತು ಮೇಷ್ಟ್ರುಗಳ ಕಾರ್ಯಾಗಾರ

ಮೈಸೂರಿನ ಕಾರಂಜಿ ಕೆರೆ ದಂಡೆಯಲ್ಲಿ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ಇದೆಯಲ್ಲ, 1995ರಲ್ಲಿ ಶುರುವಾಗಿದ್ದು, ಅಲ್ಲಿ ಶಾಲಾ ಶಿಕ್ಷಕರಿಗೆ ವಿಜ್ಞಾನದ ಕಾರ್ಯಾಗಾರ ನಡೆದಾಗ ನಾನು ಸಂಪನ್ಮೂಲ ವ್ಯಕ್ತಿಯಾಗಿ ಹೋಗುತ್ತೇನೆ. ಹೇಗೆ ಮಾಡ್ತೀರಿ ಅಂತ ಬೇರೆ ಜಿಲ್ಲೆಯ ಕೆಲವು ಗೆಳೆಯರು ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯ ಮಾತು, ಬಂದವರನ್ನು ಕೂಡಲೇ ಗ್ಯಾಲರಿಗೆ ಕರೆದುಕೊಂಡು ಹೋಗಬೇಡಿ. ಮಕ್ಕಳು ಪ್ರವಾಸ ಬಂದಾಗ ಏನು ಮಾಡ್ತಾರೆ? ಪ್ರಾಣಿ ಕಣ್ಣೆದುರೇ ಇದ್ದರೂ ಪಕ್ಕದ ಬೋರ್ಡ್ ನೋಡಿ ನೋಟ್‌ಬುಕ್‌ಗೆ ಇಳಿಸಿಕೊಳ್ತಾರೆ. ಮೇಷ್ಟ್ರುಗಳೂ ಅಷ್ಟೇ, ನೋಟ್‌ಬುಕ್ ಜಾಗದಲ್ಲಿ ಮೊಬೈಲ್ ಬಂದಿದೆ. ಹಾಗಾಗಿ ನಾನು ಗ್ಯಾಲರಿಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ಕೈಗೆ ಒಂದು ವಸ್ತು ಕೊಡುತ್ತೇನೆ. ಅದಕ್ಕೆ ಬೋರ್ಡೂ ಇರಲ್ಲ, ಪಿಪಿಟಿಯೂ ಇರಲ್ಲ. ಮತ್ತೆ ಆ ವಸ್ತು ಅವರ ಊರಲ್ಲೇ ಪುಕ್ಕಟೆ ಸಿಗುವಂಥದ್ದಾಗಿರಬೇಕು, ಇಲ್ಲದಿದ್ದರೆ ಇಲ್ಲಿ ಕಲಿತದ್ದು ಇಲ್ಲಿಗೇ ಮುಗಿಯುತ್ತೆ.

ನನ್ನ ಖಾಯಂ ವಸ್ತು ಕುರಿಯ ತಲೆಬುರುಡೆ. ಸಂಗ್ರಹಾಲಯದ ಮಾದರಿಗಳನ್ನು ಕೈಯಿಂದ ಕೈಗೆ ದಾಟಿಸುವುದು ನನಗೆ ಇಷ್ಟವಿಲ್ಲ. 2016ರ ಏಪ್ರಿಲ್‌ನಲ್ಲಿ ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಸಂಗ್ರಹಾಲಯಕ್ಕೆ ಬೆಂಕಿ ಬಿದ್ದು ಎಷ್ಟೆಲ್ಲ ಹೋಯಿತು, ಅವೆಲ್ಲ ದುಡ್ಡು ಕೊಟ್ಟರೆ ಮತ್ತೆ ಸಿಗುವಂಥವಲ್ಲ. ಕುರಿ ಬುರುಡೆಯಾದರೆ ಮಟನ್ ಅಂಗಡಿಯಲ್ಲಿ ಕೇಳಿದರೆ ಕೊಡ್ತಾರೆ. ಸಣ್ಣ ಉರಿಯಲ್ಲಿ ಬೇಯಿಸಿ ಮಾಂಸ ಬಿಡಿಸಿ, ಸೋಪಿನ ಪುಡಿ ಹಾಕಿದ ನೀರಲ್ಲಿ ಕೆಲವು ದಿನ ನೆನೆಸಿಟ್ಟರೆ ಜಿಡ್ಡು ಬಿಡುತ್ತೆ (ಮನೆಯ ಹೊರಗೆ ಇಡಿ, ವಾಸನೆಗೆ ಮನೆಯವರು ಬೈತಾರೆ). ಬೆಳ್ಳಗಾಗಲು ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಸಾಕು, ಬ್ಲೀಚಿಂಗ್ ಪೌಡರ್ ಮಾತ್ರ ಬೇಡ, ಮೂಳೆ ಪುಡಿಪುಡಿಯಾಗುತ್ತೆ. ಕಾಡುಪ್ರಾಣಿಯ ಮೂಳೆ, ಕೊಂಬು ದಾರಿಯಲ್ಲಿ ಬಿದ್ದು ಸಿಕ್ಕಿದರೂ ತರಬೇಡಿ. 1972ರ ವನ್ಯಜೀವಿ ಕಾಯ್ದೆ ಇದೆ.

ಬುರುಡೆ ಮೇಜಿನ ಮೇಲಿಟ್ಟು, ಮಾತಾಡದೆ ಇಪ್ಪತ್ತು ನಿಮಿಷ ಇದರ ಚಿತ್ರ ಬಿಡಿಸಿ ಅಂತೀನಿ. "ಸರ್, ನನಗೆ ಡ್ರಾಯಿಂಗ್ ಬರಲ್ಲ." "ಚೆಂದ ಬೇಡ ಮೇಡಂ, ಹಲ್ಲು ಸರಿಯಾಗಿ ಎಣಿಸಿ ಸಾಕು." ಸ್ವಲ್ಪ ಹೊತ್ತಿಗೆ ಯಾರಾದರೂ ಒಬ್ಬರು ಹೇಳೇ ಹೇಳ್ತಾರೆ, ಮೇಲಿನ ಮುಂದಿನ ಹಲ್ಲು ಉದುರಿಹೋಗಿವೆ, ಬೇರೆ ಬುರುಡೆ ಕೊಡಿ ಅಂತ. ನಾನು ಉತ್ತರ ಕೊಡಲ್ಲ. ಉದುರಿದ್ದರೆ ಗುಳಿ ಇರಬೇಕಲ್ವಾ, ಹುಡುಕಿ ಅಂತೀನಿ. ಬೆರಳಾಡಿಸಿ ನೋಡ್ತಾರೆ, ನುಣ್ಣಗಿದೆ, ಒಂದು ಗುಳಿಯೂ ಇಲ್ಲ. ಪಕ್ಕದ ಟೇಬಲ್ಲಿನ ಬುರುಡೆ ಇಸ್ಕೊಂಡು ನೋಡ್ತಾರೆ, ಅದರಲ್ಲೂ ಇಲ್ಲ. ಆಮೇಲೆ ಮಾತು ತಾನೇ ಶುರುವಾಗುತ್ತೆ: ಹಾಗಾದರೆ ಹುಲ್ಲು ಕತ್ತರಿಸೋದು ಹೇಗೆ, ಹಸುವಿಗೂ ಹೀಗೇನಾ, ಮೇಕೆಗೆ?

ಒಮ್ಮೆ ಮನೆಯಲ್ಲಿ ಟಗರು ಸಾಕಿ ಕಾಳಗಕ್ಕೆ ಬಿಡುತ್ತಿದ್ದ ಮನೆತನದ ಮೇಷ್ಟ್ರು ಒಬ್ಬರು ಬಂದಿದ್ದರು. ಬೆಳಿಗ್ಗೆಯಿಂದ ಸುಮ್ನೆ ಹಿಂದೆ ಕೂತಿದ್ದವರು ಬುರುಡೆ ಕೈಗೆ ಬಂದ ಕೂಡಲೇ ಕೆಳದವಡೆ ನೋಡಿ "ಇದು ನಾಲ್ಕು ಹಲ್ಲಿಂದು ಸರ್" ಅಂದರು. ಹಾಲುಹಲ್ಲು, ಎರಡು ಹಲ್ಲು, ನಾಲ್ಕು, ಆರು, ಎಂಟು ಅಂತ ಕಾಳಗದಲ್ಲಿ ಟಗರುಗಳನ್ನು ವಿಂಗಡಿಸೋದೇ ಹಲ್ಲಿನ ಮೇಲೆ. ಹಾಲುಹಲ್ಲು ಬಿದ್ದು ಜೋಡಿ ಜೋಡಿಯಾಗಿ ದೊಡ್ಡ ಹಲ್ಲು ಬರುವುದನ್ನು ಎಲ್ಲರಿಗೂ ಅವರೇ ತೋರಿಸಿದರು. ನಾನು ಹಿಂದೆ ಹೋಗಿ ಅವರ ಕುರ್ಚಿಯಲ್ಲಿ ಕೂತೆ. ಇಂಥದ್ದು ಆದ ದಿನ ನನ್ನ ಮಿಕ್ಕ ಯೋಜನೆ ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ.

ಮೂಳೆ ಮುಟ್ಟಲು ಒಪ್ಪದವರು ಇರ್ತಾರೆ. ಒತ್ತಾಯ ಬೇಡ. ಅವರಿಗೆ ಅತ್ತಿ ಕಾಯಿ. ಅತ್ತಿ ಹೂ ಕಂಡವರಿಲ್ಲ ಅಂತ ಊರಲ್ಲಿ ಹೇಳ್ತಾರಲ್ಲ, ಎಳೆಗಾಯನ್ನು ಬ್ಲೇಡಿನಲ್ಲಿ ಸೀಳಿದರೆ ಒಳಗೋಡೆಯ ತುಂಬ ಇರೋದು ಹೂವೇ. ನಾವು ಹಣ್ಣು ಅನ್ನೋದು ಒಳಮುಖವಾಗಿ ಮಡಚಿಕೊಂಡ ಹೂಗೊಂಚಲು. ಕಾಯಿಯೊಳಗೇ ಬೆಳೆಯುವ ಪುಟ್ಟ ಕಣಜದ ಹುಳಗಳನ್ನು ನೋಡಬೇಕಾದರೆ ಕಾಯಿ ಆರಿಸುವುದರಲ್ಲೇ ಕೆಲಸ ಇದೆ. ತೀರಾ ಹಸಿರಾದರೆ ಕಣಜ ಹೊರಬರಲ್ಲ, ಪೂರ್ತಿ ಹಣ್ಣಾದರೆ ತೂತು ಮಾಡಿಕೊಂಡು ಹೋಗಿಬಿಟ್ಟಿರುತ್ತವೆ. ಬಣ್ಣ ತಿರುಗಲು ಶುರುವಾದದ್ದನ್ನು ಹಿಂದಿನ ಸಂಜೆ ಕಿತ್ತು, ಗಾಜಿನ ಬಾಟಲಿಯಲ್ಲಿ ಹಾಕಿ ಬಾಯಿಗೆ ತೆಳು ಬಟ್ಟೆ ಕಟ್ಟಿ. ಅದೃಷ್ಟವಿದ್ದರೆ ಬೆಳಿಗ್ಗೆ ಎಳ್ಳಿನಷ್ಟು ಗಾತ್ರದ ಕಣಜಗಳು ಬಾಟಲಿ ತುಂಬ ಓಡಾಡುತ್ತಿರುತ್ತವೆ. ಹಣ್ಣು ಸೀಳಿ ಲೆನ್ಸ್ ಹಿಡಿದರೆ ರೆಕ್ಕೆಯಿಲ್ಲದ, ಬಿಳಿಚಿಕೊಂಡ ಗಂಡುಗಳು ಒಳಗೇ ಉಳಿದಿರುತ್ತವೆ. ಹೆಣ್ಣುಗಳಿಗೆ ದಾರಿ ಕೊರೆದುಕೊಟ್ಟು ಅಲ್ಲೇ ಸಾಯುತ್ತವೆ ಅವು. ಹೆಣ್ಣು ಪರಾಗ ಹೊತ್ತು ಇನ್ನೊಂದು ಕಾಯಿ ಹುಡುಕಿ ಹೊರಡುತ್ತೆ. ಉದ್ದ ಬಾಲದ ಕಣಜವೂ ಕಾಣುತ್ತೆ, ಅದು ಪರಾಗಸ್ಪರ್ಶ ಮಾಡುವುದಲ್ಲ, ಆ ಬಾಲದಂಥ ಸೂಜಿಯನ್ನು ಹೊರಗಿನಿಂದಲೇ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತೆ. ಇಷ್ಟಾದ ಮೇಲೆ "ಹಾಗಾದರೆ ನಾವು ಅತ್ತಿ ಹಣ್ಣು ತಿಂದಾಗ?" ಅನ್ನೋ ಪ್ರಶ್ನೆ ಬರದ ದಿನವೇ ಇಲ್ಲ.

ಊಟವಾದ ಮೇಲೆ ಕೂರಿಸಬೇಡಿ, ಬಿಸಿಬೇಳೆಬಾತ್ ತಿಂದವರು ನಿದ್ದೆ ಮಾಡ್ತಾರೆ. ಹೊರಗೆ ಹಗ್ಗ ಹಿಡಿಸಿ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಹಗ್ಗದ ಒಂದು ಮೀಟರಿಗೆ 10 ಕೋಟಿ ವರ್ಷ ಅಂದರೆ 45 ಮೀಟರ್ ಚಿಲ್ಲರೆ, ಈಚೆ ತುದಿ ಅಂದರೆ ಇವತ್ತು. ಚಾಮುಂಡಿ ಬೆಟ್ಟದ ಗ್ರಾನೈಟ್ ಸುಮಾರು 80 ಕೋಟಿ ವರ್ಷದ್ದು, ಅದು ಈಚೆ ತುದಿಯಿಂದ 8 ಮೀಟರ್. ಡೈನೋಸಾರ್ ಅಳಿದದ್ದು 66 ಸೆಂಟಿಮೀಟರ್. ನಾವು ಮನುಷ್ಯರು ಕೊನೆಯ 3 ಮಿಲಿಮೀಟರ್. ಬೆಟ್ಟ ಅಲ್ಲಿಂದ ದೂರವಿಲ್ಲ, ಅದಕ್ಕೇ ಈ ಲೆಕ್ಕ ಚೆನ್ನಾಗಿ ನಾಟುತ್ತೆ.

ಇದೆಲ್ಲ ಆದ ಮೇಲೆ ಗ್ಯಾಲರಿ. ಈಗ ಹೋಗುವಾಗ ಅವರ ಕೈಯಲ್ಲಿ ಬೆಳಗಿನ ಚಿತ್ರ ಇರುತ್ತೆ, ಪ್ರತಿ ಪ್ರಾಣಿಯ ಬಾಯಿಗೆ ಬಗ್ಗಿ ನೋಡ್ತಾರೆ, ಕಾವಲುಗಾರರಿಗೆ ಗಾಬರಿ.

ಹತ್ತನೇ ತರಗತಿಗೆ ಪಾಠ ಮಾಡುವವರು ಕೊನೆಯಲ್ಲಿ ಕೇಳುವುದು ಒಂದೇ: "ಸರ್, ಸಿಲಬಸ್ ಮುಗಿಸೋದು ಯಾವಾಗ?" ಜನವರಿ ನಂತರ ಇದನ್ನೆಲ್ಲ ಮಾಡಿ ಅಂತ ನಾನೂ ಹೇಳಲ್ಲ, ಪರೀಕ್ಷೆಯ ಒತ್ತಡ ನನಗೂ ಗೊತ್ತು. ಎಂಟು, ಒಂಬತ್ತಕ್ಕೆ ಒಂದು ಪೀರಿಯಡ್ ಕೊಡಿ, ಒಂದು ಬುರುಡೆಯಲ್ಲೇ ಹಲ್ಲು, ಜೀರ್ಣಕ್ರಿಯೆ, ಹೊಂದಾಣಿಕೆ ಮೂರೂ ಬರುತ್ತೆ ಅಂತೀನಿ. ಸರ್ಟಿಫಿಕೇಟ್ ಕೊಡುವ ಮುಂಚೆ, ಯಾವ ತರಗತಿಗೆ, ಯಾವ ವಾರ, ಏನು ಮಾಡ್ತೀರಿ ಅಂತ ಒಂದು ಚೀಟಿಯಲ್ಲಿ ಬರೆಸಿಕೊಳ್ಳುತ್ತೇನೆ. ಆ ವಾರ ಬಂದಾಗ ಫೋನ್ ಮಾಡ್ತೀನಿ. ಕೆಲವರು ಎತ್ತಲ್ಲ.