ಊರಿನ ಶಾಲೆಗೆ, ಆಶಾ ಕಾರ್ಯಕರ್ತೆಯರಿಗೆ ನೆರವು ಕೊಡಬೇಕು ಅಂತಿದ್ದೀರಾ? ಹೀಗೆ ಮಾಡಿ

ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪ್‌ನಲ್ಲಿ ಯಾರೋ ಒಬ್ಬರು "ನಮ್ಮೂರ ಶಾಲೆಗೆ ಏನಾದ್ರೂ ಮಾಡೋಣ ಕಣ್ರೋ" ಅಂತ ಹಾಕುತ್ತಾರೆ. ಎಲ್ಲರೂ ಹೂಂ ಅನ್ನುತ್ತಾರೆ. ದುಡ್ಡೂ ಸೇರುತ್ತದೆ. ಏನು ಕೊಡೋಣ ಅನ್ನೋ ಮಾತು ಬಂದಾಗ ಒಬ್ಬರು ಸ್ಮಾರ್ಟ್ ಟಿವಿ ಅಂತಾರೆ, ಇನ್ನೊಬ್ಬರು ಸ್ಕೂಲ್ ಬ್ಯಾಗ್ ಅಂತಾರೆ, ಮತ್ತೊಬ್ಬರು ಗೇಟಿಗೆ ಕಮಾನು ಕಟ್ಟಿಸಿ ಬ್ಯಾಚಿನ ಹೆಸರು ಬರೆಸೋಣ ಅಂತಾರೆ. ಅಷ್ಟೊತ್ತಿಗೂ ಶಾಲೆಗೆ ಒಂದು ಫೋನ್ ಮಾಡಿ ಕೇಳಿದವರು ಯಾರೂ ಇರುವುದಿಲ್ಲ.

ಇನ್ನು ಅದೇ ಊರಿನಲ್ಲಿ ಮನೆಮನೆ ತಿರುಗುವ ಆಶಾ ಕಾರ್ಯಕರ್ತೆ ಇರುತ್ತಾರಲ್ಲ, ಅವರ ನೆನಪು ಈ ಗ್ರೂಪ್‌ಗಳಿಗೆ ಬರುವುದೇ ಕಡಿಮೆ. ಅದಕ್ಕೇ ಇಲ್ಲಿ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಸರ್ಕಾರ ಕೊಡುತ್ತಿರುವುದನ್ನೇ ಮತ್ತೆ ಕೊಡಬೇಡಿ

ಕರ್ನಾಟಕದ ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರ, ಶೂ, ಸಾಕ್ಸ್ ಸರ್ಕಾರದಿಂದಲೇ ಬರುತ್ತವೆ. ಮಧ್ಯಾಹ್ನ ಬಿಸಿಯೂಟ ಇದೆ, ಕ್ಷೀರಭಾಗ್ಯದ ಹಾಲು 2013ರಿಂದ ಇದೆ. ಮೊಟ್ಟೆ ಮೊದಲು ವಾರಕ್ಕೆ ಎರಡೇ ದಿನ ಇತ್ತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ ಮೇಲೆ ಆರು ದಿನ ಆಯಿತು. ಅಂದರೆ ಊಟ ಬಟ್ಟೆ ವಿಷಯದಲ್ಲಿ ನಿಮ್ಮ ಐವತ್ತು ಸಾವಿರಕ್ಕೆ ಅಲ್ಲಿ ದೊಡ್ಡ ಕೆಲಸ ಇಲ್ಲ. ಬರುವುದು ತಡವಾಗುತ್ತದೆ ನಿಜ, ಆದರೆ ಬರುತ್ತದೆ.

ನೋಟ್‌ಬುಕ್ ಬೇರೆ ವಿಷಯ. ಪಠ್ಯಪುಸ್ತಕದ ಹಾಗೆ ಅದು ಎಲ್ಲ ಕಡೆ ಪುಕ್ಕಟೆ ಬರುವುದಿಲ್ಲ, ಬರದ ಕಡೆ ಅಪ್ಪ ಅಮ್ಮನೇ ಕೊಳ್ಳಬೇಕು. ಇಬ್ಬರು ಮೂವರು ಮಕ್ಕಳಿರುವ ಕೂಲಿಯವರ ಮನೆಗೆ ಜೂನ್ ತಿಂಗಳಲ್ಲಿ ಅದೇ ದೊಡ್ಡ ಖರ್ಚು. ಶಾಲೆಯನ್ನು ಕೇಳಿ, ಯಾವ ತರಗತಿಗೆ ಎಷ್ಟು ಗೆರೆ, ಎಷ್ಟು ಚೌಕುಳಿ ಅಂತ ಪಟ್ಟಿ ತಗೊಂಡು, ಹೋಲ್‌ಸೇಲ್‌ನಲ್ಲಿ ಕೊಡಿಸಿ. ಮುಖಪುಟದ ಮೇಲೆ ನಿಮ್ಮ ಮುಖ ಬೇಡ ಮಾರಾಯ್ರೇ.

ಶಾಲೆಗೆ ವರ್ಷವಿಡೀ ಇರುವ ನಿಜವಾದ ಇಕ್ಕಟ್ಟು ಅಂದರೆ ಚಿಲ್ಲರೆ ಖರ್ಚಿನದು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ಸಿಗುವ ವಾರ್ಷಿಕ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. 30 ಮಕ್ಕಳ ಒಳಗಿನ ಶಾಲೆಗೆ ವರ್ಷಕ್ಕೆ 10 ಸಾವಿರ, 100ರ ಒಳಗಿದ್ದರೆ 25 ಸಾವಿರ. ಅದರಲ್ಲೇ ಸೀಮೆಸುಣ್ಣ, ರಿಪೇರಿ, ಶೌಚಾಲಯ ತೊಳೆಯುವ ಫಿನೈಲ್ ಎಲ್ಲ ಆಗಬೇಕು. ಮಲೆನಾಡಿನ ಎಷ್ಟೋ ಶಾಲೆಗಳಲ್ಲಿ ಮಕ್ಕಳೇ ಇಪ್ಪತ್ತು ಇಪ್ಪತ್ತೈದು, ಮಳೆಗೆ ಹೆಂಚು ಒಡೆಯುವುದು ಮಾತ್ರ ಮಕ್ಕಳ ಲೆಕ್ಕ ನೋಡಿ ಒಡೆಯಲ್ಲ.

ಏನು ಬೇಕು ಅಂತ ಕೇಳಬೇಡಿ, ಹೀಗೆ ಕೇಳಿ

"ಏನು ಬೇಕು ಸಾರ್?" ಅಂತ ಹೆಡ್‌ಮಾಸ್ಟರನ್ನು ಕೇಳಿದರೆ ನೀವು ಕೊಡಬಹುದಾದದ್ದನ್ನು ಊಹಿಸಿ ಅವರು ಹೇಳುತ್ತಾರೆ. ಬೆಂಗಳೂರಿನವರು ಅಂದರೆ ಕಂಪ್ಯೂಟರ್, ಅಮೆರಿಕದವರು ಅಂದರೆ ಪ್ರೊಜೆಕ್ಟರ್. ಅದರ ಬದಲು "ಹೋದ ವರ್ಷ ನೀವು, ಟೀಚರ್‌ಗಳು ಸ್ವಂತ ಜೇಬಿಂದ ಯಾವುದಕ್ಕೆ ದುಡ್ಡು ಹಾಕಿದ್ರಿ?" ಅಂತ ಕೇಳಿ. ಮೊದಲು ನಗುತ್ತಾರೆ, ಆಮೇಲೆ ನಿಜ ಹೊರಗೆ ಬರುತ್ತದೆ. ಜೆರಾಕ್ಸ್, ಪ್ರಿಂಟರ್ ಇಂಕು, ಕೆಟ್ಟ ಬೋರ್‌ವೆಲ್ ಮೋಟರು, ನಲ್ಲಿ, ಟ್ಯೂಬ್‌ಲೈಟು, ಶೌಚಾಲಯ ತೊಳೆಯುವವರಿಗೆ ಕೊಡುವ ಕೂಲಿ, ಆನ್‌ಲೈನ್ ಮಾಹಿತಿ ತುಂಬಲು ಮೊಬೈಲ್ ಡೇಟಾ. ಯಾವುದೂ ಫೋಟೋ ತೆಗೆಯುವಂಥದ್ದಲ್ಲ. ನಿಮ್ಮ ದುಡ್ಡು ಮೊದಲು ಹೋಗಬೇಕಾದದ್ದು ಅಲ್ಲಿಗೇ.

ಶೌಚಾಲಯದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಟ್ಟಿಸಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ, ತೊಳೆಯಲು ತಿಂಗಳಿಗಿಷ್ಟು ಅಂತ ಕೊಡುವವರು ಸಿಗುವುದಿಲ್ಲ. ಬಹಳಷ್ಟು ಪ್ರಾಥಮಿಕ ಶಾಲೆಗಳಲ್ಲಿ ಆಯಾ, ಜವಾನ ಅಂತ ಯಾರೂ ಇಲ್ಲ. ನೀರು, ಕೂಲಿ, ಸಾಮಾನು ಸೇರಿಸಿ ವರ್ಷದ ಲೆಕ್ಕ ಹಾಕಿ ಅಷ್ಟನ್ನು ಕೊಡಿ. ಆರನೇ ಏಳನೇ ತರಗತಿಯ ಹೆಣ್ಣುಮಕ್ಕಳು ತಿಂಗಳಲ್ಲಿ ಮೂರು ದಿನ ಯಾಕೆ ಬರುವುದಿಲ್ಲ ಅಂತ ಟೀಚರಮ್ಮನ ಹತ್ತಿರ ನಿಮ್ಮ ಕಡೆಯ ಹೆಂಗಸರು ಯಾರಾದರೂ ಕೂತು ಮಾತಾಡಿದರೆ ಇದರ ಬೆಲೆ ಗೊತ್ತಾಗುತ್ತದೆ.

ಟೀಚರ್ ಕೊರತೆ ಇದ್ದರೆ ನಾವೇ ಒಬ್ಬರಿಗೆ ಸಂಬಳ ಕೊಡುತ್ತೇವೆ ಅನ್ನುವವರಿದ್ದಾರೆ. ಒಳ್ಳೆಯದೇ. ಆದರೆ ಜೂನ್‌ನಿಂದ ಏಪ್ರಿಲ್‌ವರೆಗಿನ ಪೂರ್ತಿ ದುಡ್ಡು ಕೈಯಲ್ಲಿ ಇಟ್ಟುಕೊಂಡೇ ಶುರು ಮಾಡಿ. ಗ್ರೂಪ್‌ನಲ್ಲಿ ಉತ್ಸಾಹ ಇಳಿದು ದೀಪಾವಳಿಗೆ ಸಂಬಳ ನಿಂತರೆ, ಪಾಪ ಆ ಹುಡುಗಿಗೂ ಕಷ್ಟ, ಮಕ್ಕಳಿಗೂ ಅರ್ಧಕ್ಕೆ ಕೈಬಿಟ್ಟ ಹಾಗೆ.

ದುಡ್ಡು ಯಾವ ದಾರಿಯಲ್ಲಿ ಹೋಗಬೇಕು

ಯಾರ ಕೈಗೂ ನಗದು ಕೊಡಬೇಡಿ, ಎಷ್ಟೇ ಒಳ್ಳೆಯವರಾಗಿರಲಿ. ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇದೆ, ಅದರ ಬ್ಯಾಂಕ್ ಖಾತೆ ಇದೆ. ಅಲ್ಲಿಗೆ ಹಾಕಿ, ರಶೀದಿ ತಗೊಳ್ಳಿ, ಯಾವುದಕ್ಕೆ ಖರ್ಚು ಅಂತ ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಬರೆಸಿ. ಸಾಮಾನು ಕೊಟ್ಟರೆ ದಾಸ್ತಾನು ವಹಿಯಲ್ಲಿ ಏರಿಸಿದ್ದಾರಾ ನೋಡಿ. ಇದು ಅನುಮಾನದ ಮಾತಲ್ಲ. ನಾಳೆ ಹೆಡ್‌ಮಾಸ್ಟರಿಗೆ ವರ್ಗ ಆದರೆ ನೀವು ಕೊಟ್ಟ ಯುಪಿಎಸ್ ಶಾಲೆಯದು ಅಂತ ಹೇಳುವುದು ಆ ಪುಸ್ತಕ ಮಾತ್ರ.

ಶಾಲೆ ಗೊತ್ತಿಲ್ಲ, ಎಲ್ಲಾದರೂ ಕೊಡುತ್ತೇವೆ ಅನ್ನುವವರು ಕೇಂದ್ರದ ವಿದ್ಯಾಂಜಲಿ ಪೋರ್ಟಲ್ ನೋಡಿ. ಅದರ ಈಗಿನ ರೂಪ 2021ರಲ್ಲಿ ಬಂತು, ಶಾಲೆಗಳೇ ತಮಗೆ ಬೇಕಾದದ್ದನ್ನು ಅಲ್ಲಿ ಹಾಕುತ್ತವೆ. ಶಾಲೆಯ ಯುಡೈಸ್ ನಂಬರ್ (ಪ್ರತಿ ಶಾಲೆಗೂ ಇರುವ ಗುರುತಿನ ಸಂಖ್ಯೆ) ಕೇಳಿ ಇಟ್ಟುಕೊಳ್ಳಿ, 11 ಅಂಕಿ, ನಮ್ಮ ರಾಜ್ಯದ್ದು 29ರಿಂದ ಶುರುವಾಗುತ್ತದೆ. ಒಂದೇ ಹೆಸರಿನ ಊರುಗಳು ಎಷ್ಟಿವೆ ಅಂತ ನಿಮಗೇ ಗೊತ್ತಲ್ಲ.

ಕೊಠಡಿ ಕಟ್ಟಿಸುವಂಥ ದೊಡ್ಡ ಕೆಲಸವಾದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಒಪ್ಪಿಗೆ, ಇಂಜಿನಿಯರ್ ನಕ್ಷೆ ಇಲ್ಲದೆ ಒಂದು ಇಟ್ಟಿಗೆಯನ್ನೂ ಇಡಬೇಡಿ. ಅದಕ್ಕಿಂತ ಸರ್ಕಾರದಿಂದಲೇ ಮಂಜೂರು ಮಾಡಿಸಲು ಅಲೆಯುವುದು ಜಾಸ್ತಿ ಲಾಭ. ಮಂಗಳೂರು ಹತ್ತಿರದ ಹರೇಕಳದ ಹಾಜಬ್ಬ ಅವರು ಬುಟ್ಟಿಯಲ್ಲಿ ಕಿತ್ತಳೆ ಮಾರಿ ಉಳಿಸಿದ ದುಡ್ಡು ಹಾಕಿದ್ದು ಎಲ್ಲರಿಗೂ ಗೊತ್ತು, 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತು. ಆದರೆ ಊರಿಗೆ ಶಾಲೆ ಬೇಕು ಅಂತ ಅವರು ಕಚೇರಿಯಿಂದ ಕಚೇರಿಗೆ ತಿರುಗಿದ್ದನ್ನು ಜನ ಅಷ್ಟಾಗಿ ಹೇಳುವುದಿಲ್ಲ.

ಆಶಾ ಕಾರ್ಯಕರ್ತೆಯರಿಗೆ

ಆಶಾ ವ್ಯವಸ್ಥೆ ಶುರುವಾದದ್ದು 2005ರಲ್ಲಿ, ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ. ಸುಮಾರು ಸಾವಿರ ಜನಕ್ಕೆ ಒಬ್ಬರು. ದೇಶದಲ್ಲಿ ಹತ್ತು ಲಕ್ಷದ ಹತ್ತಿರ, ಕರ್ನಾಟಕದಲ್ಲಿ ಸುಮಾರು 42 ಸಾವಿರ ಮಂದಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರೆಲ್ಲರಿಗೂ ಸೇರಿಸಿ ಪ್ರಶಸ್ತಿ ಕೊಟ್ಟಿತು. ಸಂಬಳದ ಲೆಕ್ಕಕ್ಕೆ ಬಂದರೆ ಇಂದಿಗೂ ಗೌರವಧನ, ಪ್ರೋತ್ಸಾಹಧನ. ಒಂದು ಉದಾಹರಣೆ ನೋಡಿ: ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ಮನೆಗೆ ಹೋಗಿ 3, 7, 14, 21, 28, 42ನೇ ದಿನ ನೋಡಬೇಕು, ತೂಕ ತೆಗೆಯಬೇಕು, ಜ್ವರ ನೋಡಬೇಕು, ಹಾಲು ಕುಡಿಯುತ್ತಿದೆಯಾ ಅಂತ ನೋಡಬೇಕು. ಆರೂ ಭೇಟಿಗೆ ಸೇರಿ 250 ರೂಪಾಯಿ. ಒಂದು ಸಲಕ್ಕೆ 42 ರೂಪಾಯಿ ಆಗಲಿಲ್ಲ.

ಇವರನ್ನೂ ಅದೇ ಜೇಬಿನ ಪ್ರಶ್ನೆ ಕೇಳಿ. ಉತ್ತರ ಊರಿಗೊಂದು ಥರ ಬರುತ್ತದೆ.

ಬಸ್ ಚಾರ್ಜ್ ಅಂತ ನೀವು ಅಂದುಕೊಂಡಿರುತ್ತೀರಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ ಓಡುವ ಕಡೆ ಅದು ಸಮಸ್ಯೆ ಅಲ್ಲ. ಬಸ್ಸೇ ಇಲ್ಲದ ಹಾಡಿ, ತಾಂಡಾ, ತೋಟದ ಒಂಟಿ ಮನೆಗಳಿಗೆ ಆಟೋ ಹಿಡಿಯಬೇಕು, ಇಲ್ಲಾ ಗಂಡನ ಬೈಕಿಗೆ ಪೆಟ್ರೋಲ್ ಹಾಕಿಸಬೇಕು. ಮೊಬೈಲ್ ರೀಚಾರ್ಜ್ ಇನ್ನೊಂದು. ಸರ್ವೆ, ಫೋಟೋ, ಮೀಟಿಂಗ್ ಮೆಸೇಜ್ ಎಲ್ಲ ಫೋನಿನಲ್ಲೇ. ವರ್ಷದ ರೀಚಾರ್ಜ್ ಮಾಡಿಸಿಕೊಟ್ಟರೆ ಅದು ನಿಜವಾದ ಸಹಾಯ.

ಮಳೆಗಾಲಕ್ಕೆ ಒಳ್ಳೆಯ ರೇನ್‌ಕೋಟು, ನೀರು ಇಳಿಯದ ಬ್ಯಾಗು, ಚಾರ್ಜ್ ಆಗುವ ಟಾರ್ಚು. ಬ್ಯಾಗು ಯಾಕೆ ಅಂದರೆ ರಿಜಿಸ್ಟರ್ ನೆಂದರೆ ಮತ್ತೆ ಕೂತು ಬರೆಯುವವರು ಅವರೇ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಮಂಗನ ಕಾಯಿಲೆ ಊರುಗಳಲ್ಲಿ ಕಾಡಿಗೆ ಹೋಗುವವರಿಗೆ ಉಣ್ಣೆ ಕಚ್ಚದಂತೆ ಹಚ್ಚುವ ಡೆಪಾ ಎಣ್ಣೆಯನ್ನು ಮನೆಗೆ ತಲುಪಿಸುವುದೂ ಇವರೇ. ಅಂಥ ಕಡೆ ಗಟ್ಟಿ ಶೂ, ಉದ್ದ ಸಾಕ್ಸ್ ಕೊಡಿ. ಅಳತೆ ಕೇಳಿ ಕೊಡಿ ಮತ್ತೆ, ಎಲ್ಲರಿಗೂ ಒಂದೇ ಸೈಜ್ ತಂದರೆ ಮೂಲೆ ಸೇರುತ್ತವೆ. ಇಲಾಖೆ ಕೊಟ್ಟ ಕಿಟ್‌ನಲ್ಲಿ ಮಗು ತೂಗುವ ತಕ್ಕಡಿ, ಥರ್ಮಾಮೀಟರ್ ಇರುತ್ತವೆ. ಕೆಟ್ಟಿದ್ದರೆ ಬದಲಿ ಬೇಗ ಬರುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು (ಪಿಎಚ್‌ಸಿ) ಕೇಳಿ ಅದೇ ಮಾದರಿಯದನ್ನು ಕೊಡಿಸಿ.

ಬಸುರಿಯನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದ ರಾತ್ರಿ ಆಶಾ ಎಲ್ಲಿ ಮಲಗುತ್ತಾರೆ? ಎಷ್ಟೋ ಕಡೆ ವಾರ್ಡಿನ ಹೊರಗಿನ ಬೆಂಚು. ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ, ಅದು ದೇಣಿಗೆ ತಗೊಳ್ಳಬಹುದು. ಒಂದು ಸಣ್ಣ ಕೋಣೆಗೆ ಮಂಚ, ಫ್ಯಾನು, ಬಾಗಿಲಿಗೆ ಒಳಗಿಂದ ಚಿಲಕ, ಪಕ್ಕದಲ್ಲಿ ಶೌಚಾಲಯ. ಇದನ್ನು ಮಾಡಿಸಿಕೊಟ್ಟರೆ ಇಡೀ ತಾಲ್ಲೂಕಿನ ಆಶಾಗಳಿಗೆ ಉಪಯೋಗ.

ಒಬ್ಬರಿಗೆ ಕೊಟ್ಟು ಇನ್ನೊಬ್ಬರನ್ನು ಬಿಡಬೇಡಿ. ನಿಮ್ಮೂರಿನ ಆಶಾ ಅಕ್ಕನಿಗೆ ಮಾತ್ರ ಕೊಟ್ಟರೆ ಮೀಟಿಂಗ್‌ನಲ್ಲಿ ಅವರಿಗೇ ಮುಜುಗರ. ಒಂದು ಪಿಎಚ್‌ಸಿಗೆ ಬಯಲುಸೀಮೆಯಲ್ಲಿ ಸುಮಾರು 30 ಸಾವಿರ, ಗುಡ್ಡಗಾಡಿನಲ್ಲಿ 20 ಸಾವಿರ ಜನಸಂಖ್ಯೆ ಅನ್ನುವುದು ನಿಯಮ, ಅಂದರೆ ಇಪ್ಪತ್ತರಿಂದ ಮೂವತ್ತು ಆಶಾಗಳು. ಅಷ್ಟು ಜನಕ್ಕೂ ಬಜೆಟ್ ಹಾಕಿ, ತಿಂಗಳ ಸಭೆಗೆ ಸೇರಿದಾಗ ವೈದ್ಯಾಧಿಕಾರಿಗೆ ತಿಳಿಸಿ ಕೊಡಿ. ದುಡ್ಡು ಸಾಲದಿದ್ದರೆ ವಸ್ತು ಚಿಕ್ಕದಾಗಲಿ.

ಖರ್ಚಿಲ್ಲದ ಒಂದು ಕೆಲಸವೂ ಇದೆ. ಆಶಾಗಳಿಗೆ ಪ್ರಧಾನಮಂತ್ರಿ ಜೀವನ್ ಜ್ಯೋತಿ, ಸುರಕ್ಷಾ ಬಿಮಾ ಎರಡನ್ನೂ ಸರ್ಕಾರವೇ ಮಾಡಿಸುತ್ತದೆ ಅಂತ 2018ರಲ್ಲಿ ಕೇಂದ್ರ ಹೇಳಿತು, 2024ರಲ್ಲಿ ಆಯುಷ್ಮಾನ್ ಭಾರತ್ ಕೂಡ ಸೇರಿತು. ಇವರ ಹೆಸರು ನಿಜಕ್ಕೂ ಏರಿದೆಯಾ ಅಂತ ಬ್ಯಾಂಕ್ ಕೆಲಸ ಗೊತ್ತಿರುವವರು ಒಬ್ಬರು ಪಾಸ್‌ಬುಕ್ ಹಿಡಿದು ಒಂದು ಮಧ್ಯಾಹ್ನ ಕೂತು ನೋಡಿಕೊಡಬಹುದು.

ಕೊಡಬಾರದ್ದು ಎರಡು. ಔಷಧಿ, ಅದರಲ್ಲೂ ನಿಮ್ಮ ಮನೆಯಲ್ಲಿ ಉಳಿದ ಮಾತ್ರೆ. ಮತ್ತೆ ಎಳೆಗೂಸಿನ ಹಾಲಿನ ಪುಡಿ ಡಬ್ಬ, ಹಾಲು ಕುಡಿಸುವ ಬಾಟಲಿ. 1992ರ ಕಾನೂನಿನ ಪ್ರಕಾರ ಅನಾಥಾಲಯ ಬಿಟ್ಟು ಬೇರೆಯವರಿಗೆ ಇವನ್ನು ದಾನ ಮಾಡುವುದೇ ತಪ್ಪು. ತಾಯಿ ಹಾಲು ಕುಡಿಸಿ ಅಂತ ಮನೆಮನೆಗೆ ಹೇಳುವವರ ಕೈಗೇ ಡಬ್ಬ ಕೊಟ್ಟರೆ ಹೇಗಿರುತ್ತೆ ಹೇಳಿ.

ಇನ್ನೊಂದು ಮಾತು. ರೇನ್‌ಕೋಟು ಸಂಬಳದ ಜಾಗ ತುಂಬುವುದಿಲ್ಲ. 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತು ಮುಷ್ಕರ ಮಾಡಿದರು. ತಿಂಗಳಿಗೆ ಕನಿಷ್ಠ 10 ಸಾವಿರ ಸಿಗುವಂತೆ ಮಾಡುತ್ತೇವೆ ಅಂತ ಮುಖ್ಯಮಂತ್ರಿಗಳಿಂದ ಭರವಸೆ ಬಂದ ಮೇಲೆ ಎದ್ದರು. ಅಂಥ ಸಮಯದಲ್ಲಿ ನಿಮ್ಮ ಶಾಸಕರಿಗೆ ಒಂದು ಪತ್ರ ಬರೆಯುವುದೂ ನೆರವೇ.

ಹೊರದೇಶದಲ್ಲಿರುವವರಿಗೆ

ಇಲ್ಲಿ ಪಾಸ್‌ಪೋರ್ಟ್ ಯಾವುದು ಅನ್ನುವುದೇ ಮುಖ್ಯ. ಭಾರತದ ಪಾಸ್‌ಪೋರ್ಟ್ ಇದ್ದರೆ ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟ ದುಡ್ಡು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಕನ್ನಡ ಕೂಟದ ಖಾತೆಯಿಂದ ಬಂದದ್ದೂ ಅಷ್ಟೇ, ಸದಸ್ಯರೆಲ್ಲ ಹಾಸನದವರೇ ಆಗಿದ್ದರೂ. ಅಂಥ ದುಡ್ಡನ್ನು ಎಸ್‌ಡಿಎಂಸಿ ಖಾತೆಗೆ ಸುಮ್ನೆ ಹಾಕಿ ಹೆಡ್‌ಮಾಸ್ಟರನ್ನು ತೊಂದರೆಗೆ ಸಿಕ್ಕಿಸಬೇಡಿ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಗೆ ಕೊಡಿ. ನೋಂದಣಿ ಈಗಲೂ ಚಾಲ್ತಿಯಲ್ಲಿದೆಯಾ ಅಂತ ಕೇಂದ್ರ ಗೃಹ ಇಲಾಖೆಯ ವೆಬ್‌ಸೈಟ್‌ನಲ್ಲಿ ನೋಡಿ. 2020ರ ತಿದ್ದುಪಡಿ ಆದಮೇಲೆ ಆ ದುಡ್ಡು ಮೊದಲು ಇಳಿಯಬೇಕಾದದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಒಂದು ಸಂಸ್ಥೆ ಅದನ್ನು ಇನ್ನೊಂದಕ್ಕೆ ದಾಟಿಸುವ ಹಾಗೂ ಇಲ್ಲ. ಅದಕ್ಕೇ "ಕೆಲಸ ನೀವೇ ಮಾಡ್ತೀರಾ, ಬೇರೆಯವರಿಂದ ಮಾಡಿಸ್ತೀರಾ?" ಅಂತ ನೇರವಾಗಿ ಕೇಳಿ. ಸರಗೂರಿನ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 1984ರಿಂದ ಆ ಕಾಡಂಚಿನಲ್ಲಿ ಆಸ್ಪತ್ರೆ, ಶಾಲೆ ಎರಡನ್ನೂ ಕಟ್ಟಿದೆ. ಡಾ. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪಿಎಚ್‌ಸಿ ವಹಿಸಿಕೊಂಡಿತು. ಹೀಗೆ ಊರಲ್ಲೇ ಬೇರುಬಿಟ್ಟ ಸಂಸ್ಥೆಯನ್ನು ನಿಮ್ಮ ಜಿಲ್ಲೆಯಲ್ಲೂ ಹುಡುಕಿ.

ತೆರಿಗೆ ರಿಯಾಯಿತಿ ಬೇಕಿದ್ದರೆ ಸಂಸ್ಥೆಗೆ ಆ ರಿಯಾಯಿತಿಯ ನೋಂದಣಿ (80ಜಿ ಅಂತ ಹೇಳುತ್ತಾರಲ್ಲ, ಅದು) ಇದೆಯಾ ನೋಡಿ, 2,000 ರೂಪಾಯಿ ಮೀರಿದ್ದನ್ನು ನಗದಲ್ಲಿ ಕೊಡಬೇಡಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಆ ರಿಯಾಯಿತಿ ಇಲ್ಲವೇ ಇಲ್ಲ, ಆ ಚಿಂತೆ ಬಿಡಿ.

ಕೊಡುವ ದಿನ, ಕೊಟ್ಟಾದ ಮೇಲೆ

ಸಮಾರಂಭ ಬೇಡ. ಹಾರ, ಶಾಲು, ಪೇಟ ಅಂತ ಶುರುವಾದರೆ ಶಾಲೆಯ ಅರ್ಧ ದಿನ, ಶಾಲೆಯದ್ದೇ ಸಾವಿರ ರೂಪಾಯಿ ಹೋಗುತ್ತದೆ. ನೋಟ್‌ಬುಕ್ ಹಿಡಿದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಫೇಸ್‌ಬುಕ್‌ಗೆ ಹಾಕಬೇಡಿ, ಅವರೂ ನಾಳೆ ದೊಡ್ಡವರಾಗುತ್ತಾರೆ. ಗ್ರೂಪ್‌ನವರಿಗೆ ಲೆಕ್ಕ ಬೇಕು ಅಲ್ವಾ, ಬಿಲ್ಲು ರಶೀದಿಗಳ ಫೋಟೋ ಸಾಕು.

ಸೇರಿದ ದುಡ್ಡಿನಲ್ಲಿ ಮೂರನೇ ಒಂದು ಭಾಗ ಮುಟ್ಟದೆ ಇಡಿ. ವಾಟರ್ ಫಿಲ್ಟರ್ ಕೊಟ್ಟರೆ ಅದರ ಕ್ಯಾಂಡಲ್, ಯುಪಿಎಸ್ ಕೊಟ್ಟರೆ ಅದರ ಬ್ಯಾಟರಿ, ಎರಡೂ ಮುಂದೆ ಕೇಳಿಯೇ ಕೇಳುತ್ತವೆ. ಫೋನ್ ಮಾಡುವುದಕ್ಕೂ ಒಂದು ಕಾಲ ಇದೆ. ಶಾಲೆಗೆ ಮಾರ್ಚ್‌ನಲ್ಲೇ ಮಾಡಿ, ಏಪ್ರಿಲ್ ಎರಡನೇ ವಾರಕ್ಕೆ ಬೇಸಿಗೆ ರಜೆ ಶುರುವಾದರೆ ಯಾರೂ ಸಿಗುವುದಿಲ್ಲ, ರಿಪೇರಿ ಆಗಬೇಕಾದದ್ದೂ ಆ ರಜೆಯಲ್ಲೇ. ರೇನ್‌ಕೋಟು ಮೇ ತಿಂಗಳ ಸಭೆಗೆ ಪಿಎಚ್‌ಸಿಯಲ್ಲಿರಬೇಕು. ಜುಲೈನಲ್ಲಿ ತಂದರೆ ಅಷ್ಟೊತ್ತಿಗೆ ಅವರು ಸಾಲ ಮಾಡಿ ಕೊಂಡಿರುತ್ತಾರೆ.