ಬಾಗಿದ ಕಂಬಗಳನ್ನು ನೆಟ್ಟಗಾಗಿಸುವುದು: ಫಿಶ್‌ಐ ಲೆನ್ಸಿನ ಜೊತೆ ನನ್ನ ಅನುಭವ

ಸೋಮನಾಥಪುರದ ಕೇಶವ ದೇವಾಲಯದ ನವರಂಗದಲ್ಲಿ, ಎಂದರೆ ಗರ್ಭಗುಡಿಯ ಮುಂದಿನ ಮಂಟಪದಲ್ಲಿ, ಕಂಬಗಳು, ತೊಲೆಗಳು, ಒಳಗಿನ ಬಾಗಿಲವಾಡ ಎಲ್ಲವೂ ಒಂದೇ ಚಿತ್ರದಲ್ಲಿ ಬರಬೇಕೆಂದರೆ ಕ್ಯಾಮೆರಾ ಜೊತೆ ಬರುವ 18 ಮಿ.ಮೀ. ಲೆನ್ಸ್ ಸಾಲುವುದಿಲ್ಲ. ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಇನ್ನೊಂದು ಕಂಬ ತಗಲುತ್ತದೆ. ಹೊಯ್ಸಳರ ಗುಡಿಗಳ ಒಳಾಂಗಣ ತೆಗೆಯುವುದಕ್ಕೆಂದೇ ನಾನು ಸಮ್ಯಾಂಗ್ 8 ಮಿ.ಮೀ. ಫಿಶ್‌ಐ (ತೀರಾ ಅಗಲಕ್ಕೆ ನೋಡುವ ಲೆನ್ಸ್) ಇಟ್ಟುಕೊಂಡಿದ್ದೇನೆ. ನನ್ನ ಎಪಿಎಸ್-ಸಿ (35 ಮಿ.ಮೀ. ಫಿಲ್ಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ ಅದು ಮೂಲೆಯಿಂದ ಮೂಲೆಗೆ ಸುಮಾರು 180 ಡಿಗ್ರಿ ನೋಡುತ್ತದೆ. ಅಷ್ಟು ಅಗಲ ನೋಡುವುದಕ್ಕೆ ಅದು ತೆರುವ ಬೆಲೆ ಎಲ್ಲರಿಗೂ ಗೊತ್ತು: ನಡುವಿನಿಂದ ದೂರವಿರುವ ಗೆರೆಗಳೆಲ್ಲ ಬಿಲ್ಲಿನಂತೆ ಬಾಗುತ್ತವೆ.

ಈ ಬಾಗನ್ನು ತೆಗೆಯುವ ಕೆಲಸ ಗುಡಿಯೊಳಗೇ ಶುರುವಾಗುತ್ತದೆ. ಚಿತ್ರದ ನಟ್ಟನಡುವೆ ಹಾದುಹೋಗುವ ಗೆರೆ ಫಿಶ್‌ಐನಲ್ಲೂ ಬಾಗುವುದಿಲ್ಲ. ಹಾಗಾಗಿ ಕ್ಯಾಮೆರಾವನ್ನು ಮೇಲೆ ಕೆಳಗೆ ವಾಲಿಸದೆ ಸಮವಾಗಿ ಹಿಡಿದು, ಯಾವ ಬಾಗಿಲವಾಡ ಮುಖ್ಯವೋ ಅದನ್ನು ನಡುವಿಗೆ ತಂದುಕೊಳ್ಳುತ್ತೇನೆ. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಅನುಮತಿ ಬೇಕು. ಅದಿಲ್ಲದ ದಿನ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಏರಿಸಿ ಕೈಯಲ್ಲೇ ಹಿಡಿದು ತೆಗೆಯುತ್ತೇನೆ. ಇಷ್ಟು ಅಗಲದ ಲೆನ್ಸಿನಲ್ಲಿ ಕೈನಡುಕ ಅಷ್ಟಾಗಿ ಕಾಣುವುದಿಲ್ಲ.

ಮನೆಗೆ ಬಂದಮೇಲೆ ರಾ ಫೈಲನ್ನು (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಚಿತ್ರವನ್ನು) ಡಾರ್ಕ್‌ಟೇಬಲ್ ಎಂಬ ಫೋಟೊ ತಿದ್ದುವ ತಂತ್ರಾಂಶದಲ್ಲಿ ತೆರೆದು ಬೆಳಕು, ಬಣ್ಣ ಸರಿಮಾಡಿ, ಅಂಚುಗಳಲ್ಲಿ ಕಾಣುವ ನೇರಳೆ ಗೆರೆ ತೆಗೆದು 16 ಬಿಟ್ ಟಿಫ್ (ಗುಣಮಟ್ಟ ಕಳೆಯದ ಚಿತ್ರದ ಫೈಲ್) ಮಾಡಿಕೊಳ್ಳುತ್ತೇನೆ. ಅಲ್ಲಿಯ ಲೆನ್ಸ್ ಕರೆಕ್ಷನ್ ಮಾತ್ರ ಆಫ್ ಇರಬೇಕು, ಇಲ್ಲವಾದರೆ ಒಂದೇ ಬಾಗನ್ನು ಎರಡು ಸಲ ತಿದ್ದಿದಂತಾಗುತ್ತದೆ. ಶಾರ್ಪನಿಂಗ್ ಕೂಡ ಈಗ ಬೇಡ, ಕೊನೆಗೆ ಸಾಕು.

ನಿಜವಾದ ತಿದ್ದುಪಡಿ ಹ್ಯೂಗಿನ್‌ನಲ್ಲಿ. ಪನೋರಮಾ ಹೊಲಿಯುವ ಉಚಿತ ತಂತ್ರಾಂಶವೆಂದು ಅದು ಹೆಸರಾಗಿದ್ದರೂ ಒಂದೇ ಚಿತ್ರವನ್ನು ಬೇರೊಂದು ಪ್ರೊಜೆಕ್ಷನ್‌ಗೆ (ಸುತ್ತಲಿನ ನೋಟವನ್ನು ಚಪ್ಪಟೆ ಚಿತ್ರದ ಮೇಲೆ ಇಳಿಸುವ ಲೆಕ್ಕಕ್ಕೆ) ಬದಲಿಸಲು ನನಗೆ ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ನನ್ನ ಲೆನ್ಸಿನಲ್ಲಿ ಎಲೆಕ್ಟ್ರಾನಿಕ್ ಸಂಪರ್ಕವಿಲ್ಲ, ಆದ್ದರಿಂದ ಫೈಲಿನಲ್ಲಿ ಫೋಕಲ್ ಲೆಂತ್ ದಾಖಲಾಗಿರುವುದಿಲ್ಲ. 8 ಮಿ.ಮೀ., ಕ್ರಾಪ್ ಫ್ಯಾಕ್ಟರ್ (35 ಮಿ.ಮೀ. ಫಿಲ್ಮಿಗಿಂತ ಸೆನ್ಸರ್ ಎಷ್ಟು ಪಟ್ಟು ಚಿಕ್ಕದು ಎಂಬ ಲೆಕ್ಕ) 1.5 ಎಂದು ಕೈಯಾರೆ ತುಂಬುತ್ತೇನೆ. ಲೆನ್ಸ್ ಬಗೆ ಕೇಳಿದಾಗ 'ಸ್ಟೀರಿಯೋಗ್ರಾಫಿಕ್' ಆರಿಸುತ್ತೇನೆ. ಇದು ಮುಖ್ಯ. ಎಲ್ಲ ಫಿಶ್‌ಐ ಲೆನ್ಸುಗಳೂ ಒಂದೇ ಲೆಕ್ಕದಲ್ಲಿ ಬಾಗಿಸುವುದಿಲ್ಲ, ನನ್ನ ಸಮ್ಯಾಂಗ್ ಬಾಗಿಸುವುದು ಸ್ಟೀರಿಯೋಗ್ರಾಫಿಕ್ ಎಂಬ ಲೆಕ್ಕದಲ್ಲಿ. 'ಫುಲ್ ಫ್ರೇಮ್ ಫಿಶ್‌ಐ' ಎಂದು ಕೊಟ್ಟರೆ ಹ್ಯೂಗಿನ್ ಬೇರೆ ಸೂತ್ರ ಹಿಡಿಯುತ್ತದೆ, ಆಗ ಅಂಚಿನ ಕಂಬಗಳಲ್ಲಿ ಬಾಗು ಪೂರ್ತಿ ಹೋಗುವುದಿಲ್ಲ.

ಮುಂದೆ ಕಂಟ್ರೋಲ್ ಪಾಯಿಂಟ್ಸ್. ಎಡಕ್ಕೂ ಬಲಕ್ಕೂ ಅದೇ ಚಿತ್ರ ತೆರೆದು, ಬಾಗಿಲವಾಡದ ಅಂಚಿನಲ್ಲಿ ಮೇಲೊಂದು ಕೆಳಗೊಂದು ಬಿಂದು ಇಟ್ಟು ಅದು ಲಂಬ ಗೆರೆ ಎಂದು ಹೇಳಬೇಕು. ದುಂಡು ಕಂಬದ ಮೈಮೇಲೆ ಬಿಂದು ಇಡಬಾರದು. ತಿರುಗಣೆಯಲ್ಲಿ ಕಡೆದ ಆ ಕಂಬಗಳ ಮೈ ಏರುತ್ತ ಇಳಿಯುತ್ತ ಹೋಗುತ್ತದೆ, ಅಲ್ಲಿ ನೆಟ್ಟನೆಯ ಗೆರೆಯೇ ಸಿಗುವುದಿಲ್ಲ. ಕಂಬದ ಬುಡದ ಚೌಕ ಪೀಠ, ಗೋಡೆಯ ಮೂಲೆ, ಬಾಗಿಲವಾಡ ಇವನ್ನು ನಂಬಬಹುದು. ಎರಡೂ ಪಕ್ಕದಲ್ಲಿ ಇಂಥ ಗೆರೆಗಳನ್ನು ಕೊಟ್ಟು ಪಿಚ್ (ಮೇಲೆ ಕೆಳಗಿನ ವಾಲು), ರೋಲ್ (ಪಕ್ಕದ ವಾಲು) ಎರಡನ್ನೂ ತಂತ್ರಾಂಶದಿಂದ ಆಪ್ಟಿಮೈಸ್ ಮಾಡಿದರೆ ಕೈಯಲ್ಲಿ ಹಿಡಿದಾಗಿನ ಸಣ್ಣ ವಾಲು ಕೂಡ ಹೋಗುತ್ತದೆ.

ಇನ್ನು ಯಾವ ಪ್ರೊಜೆಕ್ಷನ್‌ಗೆ ಬದಲಿಸಬೇಕು ಎಂಬ ಪ್ರಶ್ನೆ. ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇದೇ. ಗೆರೆಗಳೆಲ್ಲ ನೆಟ್ಟಗಾಗಬೇಕೆಂದು ರೆಕ್ಟಿಲೀನಿಯರ್ ಎಂಬ ಪ್ರೊಜೆಕ್ಷನ್ ಒತ್ತುವವರೇ ಹೆಚ್ಚು. ಗೆರೆಗಳೇನೋ ನೆಟ್ಟಗಾಗುತ್ತವೆ, ಆದರೆ ದುಂಡಗಿದ್ದದ್ದು ದುಂಡಗೆ ಉಳಿಯುವುದಿಲ್ಲ. ನಡುವಿನಿಂದ 60 ಡಿಗ್ರಿ ದೂರದಲ್ಲಿರುವ ಭಾಗವನ್ನು ಅದು, ಈ ಲೆನ್ಸ್ ಹಿಡಿದದ್ದಕ್ಕಿಂತ, ಹೊರಮುಖವಾಗಿ ಸುಮಾರು ಮೂರು ಪಟ್ಟು ಎಳೆಯುತ್ತದೆ. 90 ಡಿಗ್ರಿಗೆ ಆ ಲೆಕ್ಕ ಅನಂತಕ್ಕೇ ಹೋಗುತ್ತದೆ, ಹಾಗಾಗಿ 180 ಡಿಗ್ರಿಯ ಚಿತ್ರವನ್ನು ಪೂರ್ತಿಯಾಗಿ ರೆಕ್ಟಿಲೀನಿಯರ್ ಮಾಡಲು ಯಾವ ತಂತ್ರಾಂಶದಿಂದಲೂ ಆಗದು. ಹೊಯ್ಸಳ ನವರಂಗದಲ್ಲಿ ಇದರ ಪರಿಣಾಮ ಕಣ್ಣಿಗೆ ರಾಚುತ್ತದೆ. ಅಂಚಿನ ಕಂಬ ನಡುವಿನ ಕಂಬಕ್ಕಿಂತ ದಪ್ಪವಾಗಿ ಕಾಣುತ್ತದೆ, ಕಡೆದ ಬಳೆಗಳು ಓರೆಯಾಗಿ ಉದ್ದಕ್ಕೆ ಎಳೆದಂತಾಗುತ್ತವೆ, ಕಂಬದ ನುಣುಪಿನ ಮೇಲಿನ ಸೂಕ್ಷ್ಮ ಗೆರೆಗಳೆಲ್ಲ ಮಸುಕಾಗುತ್ತವೆ. ಕಂಬಗಳ ಅಳತೆಯಲ್ಲೇ ಅಷ್ಟು ಶಿಸ್ತು ತೋರಿಸಿದ ಶಿಲ್ಪಿಗಳ ಕೆಲಸವನ್ನು ಹೀಗೆ ಉಬ್ಬಿಸಿ ತೋರಿಸುವುದು ನನಗೆ ಒಪ್ಪಿಗೆಯಿಲ್ಲ.

ಆದ್ದರಿಂದ ರೆಕ್ಟಿಲೀನಿಯರ್ ಬಳಸಿದರೂ ಅಡ್ಡಕ್ಕೆ 100 ಡಿಗ್ರಿಗಿಂತ ಹೆಚ್ಚು ಇಡುವುದಿಲ್ಲ. ಅದು ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 15 ಮಿ.ಮೀ. ಲೆನ್ಸಿನ ನೋಟಕ್ಕೆ ಸಮ, ಸಾಕಷ್ಟು ಅಗಲವೇ. ಅದಕ್ಕೂ ಹೆಚ್ಚು ಬೇಕಾದಾಗ ಪಾನಿನಿ ಪ್ರೊಜೆಕ್ಷನ್. 18ನೇ ಶತಮಾನದಲ್ಲಿ ರೋಮಿನ ಭವ್ಯ ಒಳಾಂಗಣಗಳನ್ನು ಬರೆದ ಚಿತ್ರಕಾರ ಜೊವಾನ್ನಿ ಪಾವೊಲೊ ಪಾನಿನಿಯ ಹೆಸರೇ ಇದಕ್ಕೆ. ಇದರಲ್ಲಿ ಲಂಬ ಗೆರೆಗಳು ನೆಟ್ಟಗಿರುತ್ತವೆ, ನಡುವಿನ ಬಿಂದುವಿನತ್ತ ಓಡುವ ತೊಲೆಗಳೂ ನೆಟ್ಟಗಿರುತ್ತವೆ, ಪಕ್ಕದ ಕಂಬಗಳು ಅಷ್ಟಾಗಿ ಉಬ್ಬುವುದಿಲ್ಲ. ನಮ್ಮೆದುರು ಅಡ್ಡಕ್ಕೆ ಹಾದ ತೊಲೆ ಮಾತ್ರ ಬಾಗುತ್ತದೆ. ಹ್ಯೂಗಿನ್‌ನ ಜನರಲ್ ಪಾನಿನಿಯಲ್ಲಿ ಕಂಪ್ರೆಷನ್ ಎಂಬ ಸ್ಲೈಡರ್ ಇದೆ. 0 ಎಂದರೆ ರೆಕ್ಟಿಲೀನಿಯರ್, 100 ಎಂದರೆ ಪೂರ್ತಿ ಪಾನಿನಿ. ಅಡ್ಡ ತೊಲೆಯ ಬಾಗೂ ಅಂಚಿನ ಕಂಬದ ಉಬ್ಬೂ ಎರಡೂ ಕಣ್ಣಿಗೆ ಚುಚ್ಚದ ಒಂದು ಜಾಗ ಅವೆರಡರ ನಡುವೆ ಸಿಗುತ್ತದೆ, ಚಿತ್ರದಿಂದ ಚಿತ್ರಕ್ಕೆ ಅದು ಬೇರೆ. ನವರಂಗವನ್ನು ಎದುರಾಗಿ ನಿಂತು ತೆಗೆದರೆ ಪಾನಿನಿ ಚೆನ್ನಾಗಿ ಒಗ್ಗುತ್ತದೆ, ಮೂಲೆಯಿಂದ ಓರೆಯಾಗಿ ತೆಗೆದರೆ ಅಷ್ಟಿಲ್ಲ.

ಒಂದು ಸಲ ಹೊಂದಿಸಿದ ಪ್ರಾಜೆಕ್ಟ್ ಫೈಲನ್ನು ಉಳಿಸಿಕೊಂಡಿದ್ದೇನೆ. ಮುಂದಿನ ಚಿತ್ರಕ್ಕೆ ಅದನ್ನೇ ಟೆಂಪ್ಲೇಟ್ ಆಗಿ ಹಾಕಿ ಲಂಬ ಗೆರೆಗಳನ್ನಷ್ಟೇ ಹೊಸದಾಗಿ ಗುರುತಿಸುತ್ತೇನೆ.

ಭುವನೇಶ್ವರಿಗಳನ್ನು (ಕೆತ್ತನೆಯ ಒಳಚಾವಣಿಗಳನ್ನು) ಮಾತ್ರ ನಾನು ಹ್ಯೂಗಿನ್‌ಗೆ ಹಾಕುವುದೇ ಇಲ್ಲ. ನೆಲದ ಮೇಲೆ ಕ್ಯಾಮೆರಾವನ್ನು ಆಕಾಶಮುಖವಾಗಿ ಇಟ್ಟು, ಕಮಲದ ಮೊಗ್ಗು ನಡುವಿಗೆ ಬರುವಂತೆ ತೆಗೆದರೆ, ಸ್ಟೀರಿಯೋಗ್ರಾಫಿಕ್ ಲೆನ್ಸ್ ವೃತ್ತವನ್ನು ವೃತ್ತವಾಗಿಯೇ ಉಳಿಸುತ್ತದೆ. ಮೊಗ್ಗಿನ ಸುತ್ತಲಿನ ಸುತ್ತುಗಳಲ್ಲಿ ತಿದ್ದುವಂಥದ್ದು ಏನೂ ಇರುವುದಿಲ್ಲ. ಡಾರ್ಕ್‌ಟೇಬಲ್‌ನಲ್ಲಿ ಬೆಳಕು ಸರಿಮಾಡಿ, ಚೌಕಾಕಾರಕ್ಕೆ ಕ್ರಾಪ್ ಮಾಡಿ ನೇರವಾಗಿ ಪ್ರಿಂಟಿಗೆ ಕೊಡುತ್ತೇನೆ.