ಹದಿಹರೆಯದ ಮಕ್ಕಳ ಕ್ಯಾನ್ಸರ್ ಚಿಕಿತ್ಸೆಗೆ ಊರಲ್ಲಿ ದುಡ್ಡು ಕೂಡಿಸುವುದು ಹೇಗೆ?

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಯಾರ ಮನೆಯ ಮಕ್ಕಳಿಗಾದರೂ ದೊಡ್ಡ ಕಾಯಿಲೆ ಬಂದರೆ ಊರವರು ಸೇರಿ ಚಿಕಿತ್ಸಾ ಸಹಾಯ ಸಮಿತಿ ಮಾಡುತ್ತಾರೆ. ದುಡ್ಡೂ ಬರುತ್ತದೆ. ಆದರೆ ಕ್ಯಾನ್ಸರ್ ಒಂದು ಬಿಲ್ಲಿಗೆ ಮುಗಿಯುವುದಿಲ್ಲ. ಮಕ್ಕಳಲ್ಲಿ ಜಾಸ್ತಿ ಕಾಣುವ ಎಎಲ್‌ಎಲ್ ಎಂಬ ರಕ್ತದ ಕ್ಯಾನ್ಸರಿಗೆ 2ರಿಂದ 3 ವರ್ಷ ಮದ್ದು ನಡೆಯುತ್ತದೆ. ಮೊದಲ ತಿಂಗಳು ಓಡಿ ಬಂದವರು ಎರಡನೇ ವರ್ಷಕ್ಕೂ ಬೇಕು. ಹಾಗಾಗಿ ಶುರುವಿನಲ್ಲೇ ಉದ್ದದ ಲೆಕ್ಕ ಹಾಕಿ.

ಮೊದಲು ಆ ಹುಡುಗನನ್ನೋ ಹುಡುಗಿಯನ್ನೋ ಕೇಳಿ. ಅಪ್ಪ ಅಮ್ಮ ಒಪ್ಪಿದರೆ ಸಾಲದು. ಕೂದಲು ಉದುರಿದ ಮುಖ ಕುಂಬಳೆ ಪೇಟೆಯ ಫ್ಲೆಕ್ಸಿನಲ್ಲಿ, ಕ್ಲಾಸಿನವರ ವಾಟ್ಸಾಪಿನಲ್ಲಿ ಓಡಾಡಿದರೆ 15ರ ಪ್ರಾಯದಲ್ಲಿ ಹೇಗಾಗಬೇಡ? ಒಮ್ಮೆ ಹರಡಿದ ಫೋಟೋ ವಾಪಸ್ ಬರುವುದಿಲ್ಲ. ಫೋಟೋ ಬೇಡ ಅಂದರೆ ಬೇಡ. ಊರಿನ ಹೆಸರು, ವಾರ್ಡ್ ಮೆಂಬರ್ ಮತ್ತು ಸಮಿತಿಯವರ ಫೋನ್ ನಂಬರ್ ಹಾಕಿ ಕೇಳಿ. ದುಡ್ಡು ಸ್ವಲ್ಪ ಕಡಿಮೆ ಬಂದರೂ ಇದೇ ಸರಿ.

ಆಮೇಲೆ ಸರಕಾರದಿಂದ ಏನು ಸಿಗುತ್ತದೆ ನೋಡಿ. ಕೇರಳ ಸರಕಾರದ ಆರೋಗ್ಯ ಯೋಜನೆಯಾದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. 18 ವರ್ಷದೊಳಗಿನವರಿಗೆಂದೇ ಸರಕಾರ ಶುರು ಮಾಡಿದ ಕ್ಯಾನ್ಸರ್ ಸುರಕ್ಷಾ ಯೋಜನೆಯಲ್ಲಿ ಈಗ ಸಹಾಯ ಸಿಗುತ್ತದೆಯೇ ಎಂದೂ ಕೇಳಿ. ಇವು ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಮಾತ್ರ ನಡೆಯುತ್ತವೆ. ನಮಗೆ ಮಂಗಳೂರು ಹತ್ತಿರ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಕಾಸರಗೋಡಿನಿಂದ 100 ಕಿಲೋಮೀಟರಿಗೂ ಜಾಸ್ತಿ. ಎಲ್ಲಿ ಕಾರ್ಡ್ ನಡೆಯುತ್ತದೆ ಎಂದು ಅಡ್ಮಿಟ್ ಮಾಡುವ ಮೊದಲೇ ವಿಚಾರಿಸಿ. ಮಲಯಾಳ ಓದಿ ಬರೆಯಬಲ್ಲ ಒಬ್ಬರು ಸಮಿತಿಯಲ್ಲಿ ಇರಲೇಬೇಕು. ಅರ್ಜಿ ಅರ್ಥವಾಗದೆ ಸಹಾಯ ತಪ್ಪಿಹೋಗಬಾರದು ಅಲ್ವಾ?

ಖಾತೆ ಯಾರೊಬ್ಬರ ಹೆಸರಿನಲ್ಲೂ ಬೇಡ. ಅಧ್ಯಕ್ಷರು, ಸಂಚಾಲಕರು, ಖಜಾಂಚಿ ಸೇರಿ ಜಂಟಿ ಖಾತೆ ತೆರೆಯಿರಿ. ದುಡ್ಡು ತೆಗೆಯಲು ಕನಿಷ್ಠ ಇಬ್ಬರ ಸಹಿ ಇರಲಿ. ಕ್ಯೂಆರ್ ಕೋಡ್ ಅದೇ ಖಾತೆಯದ್ದಾಗಲಿ. ಪೋಸ್ಟರಿನಲ್ಲಿ ಕೊನೆಯ ದಿನಾಂಕ ಹಾಕಿ, ಇಲ್ಲದಿದ್ದರೆ ವರ್ಷ ಕಳೆದರೂ ಅದು ಸುತ್ತುತ್ತಲೇ ಇರುತ್ತದೆ. ತೆರಿಗೆ ವಿನಾಯಿತಿ ಸಿಗುತ್ತದೆ ಎಂದು ಹೇಳಬೇಡಿ. ಅದು ಆದಾಯ ತೆರಿಗೆ ಕಾನೂನಿನ 80ಜಿ ಮಾನ್ಯತೆ ಇರುವ ಸಂಸ್ಥೆಗೆ ಕೊಟ್ಟರೆ ಮಾತ್ರ. ದುಡ್ಡು ಉಳಿದರೆ, ಅಥವಾ ಮಗು ಉಳಿಯದಿದ್ದರೆ, ಏನು ಮಾಡುವುದು? ಕೇಳಲು ಕಷ್ಟದ ಪ್ರಶ್ನೆ. ಆದರೂ ಮೊದಲ ಸಭೆಯಲ್ಲೇ ತೀರ್ಮಾನಿಸಿ ಬರೆದಿಡಿ.

ಈಗ ಸಂಗ್ರಹ. ನಮ್ಮಲ್ಲಿ ಚೆನ್ನಾಗಿ ನಡೆಯುವುದು ಬಿರಿಯಾನಿ ಚಾಲೆಂಜ್, ಅಂದರೆ ಬಿರಿಯಾನಿ ಮಾಡಿ ಮಾರಿ ದುಡ್ಡು ಕೂಡಿಸುವುದು. ಕ್ಲಬ್ಬಿನ ಹುಡುಗರು ಮತ್ತು ಕುಟುಂಬಶ್ರೀ ಮಹಿಳಾ ಸಂಘದವರು ಸೇರಿದರೆ ಅರ್ಧ ಕೆಲಸ ಆದಂತೆ. ಎರಡು ವಾರ ಮೊದಲೇ ಕೂಪನ್ ಮಾರಿ, ಮಾರಿದಷ್ಟಕ್ಕೇ ಅಕ್ಕಿ ಹಾಕಿ. ಪ್ಯಾಕೆಟಿಗೆ 100 ರೂಪಾಯಿ, ಖರ್ಚು 60 ಎಂದಿಟ್ಟುಕೊಳ್ಳಿ. 1,000 ಪ್ಯಾಕೆಟ್ ಹೋದರೆ ಕೈಗೆ 40,000. ಅಕ್ಕಿಯೋ ಕೋಳಿಯೋ ಯಾರಾದರೂ ದಾನ ಕೊಟ್ಟರೆ ಇನ್ನೂ ಜಾಸ್ತಿ. ಭಾನುವಾರ ಬೆಳಗ್ಗೆ ಕಟ್ಟು ಕಟ್ಟಿ, ಬೈಕಿನಲ್ಲಿ ಮನೆ ಮನೆಗೆ ಮುಟ್ಟಿಸಿ. ಮಾಂಸ ತಿನ್ನದ ಮನೆಗಳು ಜಾಸ್ತಿ ಇರುವ ಕಡೆ ಪಾಯಸ ಚಾಲೆಂಜ್ ಮಾಡಿ. ಖಾಸಗಿ ಬಸ್ಸಿನವರನ್ನೂ ಕೇಳಿ. ಒಂದು ದಿನದ ಕಲೆಕ್ಷನ್ ಪೂರ್ತಿ ಕೊಡುವ ಕಾರುಣ್ಯ ಯಾತ್ರೆ ಅವರಿಗೆ ಹೊಸದಲ್ಲ. ತಾಳಮದ್ದಳೆ, ಗುಜರಿ ಸಂಗ್ರಹ ಕೂಡ ಆಗುತ್ತದೆ.

ರಕ್ತ ಕೊಡುವವರ ಪಟ್ಟಿಯೂ ಬೇಕು. ರಕ್ತ ಹೆಪ್ಪುಗಟ್ಟಿಸುವ ಕಣವಾದ ಪ್ಲೇಟ್‌ಲೆಟ್ಟನ್ನು 5 ದಿನಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ. ಎಲ್ಲರೂ ಒಂದೇ ದಿನ ಹೋಗಿ ಪ್ರಯೋಜನವಿಲ್ಲ, ಸರದಿ ಮಾಡಿಕೊಳ್ಳಿ.

ಬಂದ ದುಡ್ಡಿನಲ್ಲಿ ಸ್ವಲ್ಪ ಪಾಲು ಆಸ್ಪತ್ರೆ ಬಿಲ್ಲಿನ ಹೊರಗಿನ ಖರ್ಚಿಗೆ ತೆಗೆದಿಡಿ. ಜೊತೆಗೆ ನಿಲ್ಲುವ ಅಮ್ಮನ ಕೂಲಿ ಹೋಗುತ್ತದೆ, ರೂಮಿನ ಬಾಡಿಗೆ ಇರುತ್ತದೆ. ಹದಿಹರೆಯದವರಿಗೆ ಬೇರೆಯದೇ ಅಗತ್ಯಗಳಿವೆ. ಗೆಳೆಯರ ಜೊತೆ ಮಾತಾಡಲು ಫೋನಿಗೆ ಡಾಟಾ, ಎಸ್‌ಎಸ್‌ಎಲ್‌ಸಿ ತಪ್ಪದಂತೆ ಮನೆಗೆ ಬಂದು ಪಾಠ ಹೇಳುವವರು, ಬೇಕೆಂದರೆ ವಿಗ್. ಇವನ್ನೆಲ್ಲ ದಂಡದ ಖರ್ಚು ಎನ್ನುವವರು ಸಮಿತಿಯಲ್ಲಿದ್ದರೆ ಕೂತು ಮಾತಾಡಿ ಒಪ್ಪಿಸಿ. ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಲೈಬ್ರರಿಯ ಗೋಡೆಗೆ ಅಂಟಿಸಿ. ಮದ್ದಿನ ವಿವರ, ಪರೀಕ್ಷೆಯ ರಿಪೋರ್ಟ್ ಅದರಲ್ಲಿ ಬೇಡ, ಬಂದದ್ದು ಮತ್ತು ಹೋದದ್ದು ಮಾತ್ರ ಸಾಕು.